ಎರಡು ಗೋಣಿಚೀಲ ಕಡಿಮೆ

ಕಾರಿನ ಡಿಕ್ಕಿಯಲ್ಲಿ ಹೆಣ ಇಟ್ಟುಕೊಂಡವರು ಎಷ್ಟು ವೇಗದಲ್ಲಿ ಹೋಗುತ್ತಾರೋ ಎಂದು ಮರ್ವಿನ್ ಟಾಲ್ಬಟ್ ಯೋಚಿಸುತ್ತಿದ್ದ. ತೀರಾ ನಿಧಾನವಾದರೆ ನೋಡಿದವರಿಗೆ ಅನುಮಾನ ಬರುತ್ತದೆ, ಜೋರಾದರೆ ತಿರುವಿನಲ್ಲಿ ಹೆಣ ಹೊರಳುತ್ತದೆ. ಅವನ ಡಿಕ್ಕಿಯಲ್ಲಿದ್ದದ್ದು ಹೆಣವೇನೂ ಅಲ್ಲ, ಎರಡು ಗೋಣಿಚೀಲ ರೂಬಾರ್ಬ್ ಗಿಡ. ಒಂದರಲ್ಲಿ ಎಲೆ ಮತ್ತು ದಂಟು, ಇನ್ನೊಂದರಲ್ಲಿ ಗುದ್ದಲಿಯಿಂದ ಒಂಬತ್ತು ತುಂಡು ಮಾಡಿದ ಬೇರುಗಡ್ಡೆ. ಆದರೂ ಸೇತುವೆಯ ಉಬ್ಬಿನ ಮೇಲೆ ಹಿಂದಿನಿಂದ ಧೊಪ್ಪೆಂದು ಸದ್ದು ಬಂದಾಗ ಅವನ ಬೆನ್ನು ತಾನಾಗಿ ನೆಟ್ಟಗಾಯಿತು, ಬಾಯಿಂದ ‘ಸಾರಿ’ ಎಂಬ ಮಾತು ಜಾರಿತು. ಅರವತ್ತಮೂರು ವರ್ಷದ ನಿವೃತ್ತ ಭೂಗೋಳದ ಮೇಷ್ಟ್ರೊಬ್ಬ, ಶನಿವಾರ ಬೆಳಿಗ್ಗೆ ಏಳು ಗಂಟೆಗೆ, ಒಂದು ತರಕಾರಿಯ ಕ್ಷಮೆ ಕೇಳಿದ್ದ. ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿಸಿಕೊಂಡು ಕೂತಿದ್ದ ನರ್ಸರಿಯ ಕುಂಡದ ಗಿಡ, ಅದೂ ರೂಬಾರ್ಬೇ, ತನ್ನ ನಾಲ್ಕು ಎಲೆಗಳನ್ನು ಅಲ್ಲಾಡಿಸಿತು. ಕೊಲೆಗೆ ಸಾಕ್ಷಿಯಾದ ಮಗುವಿನ ಹಾಗಿತ್ತು ಅದು. ಇದನ್ನು ನೋಡಬೇಡ ಎಂದು ಅದಕ್ಕೂ ಹೇಳಬೇಕು ಅನ್ನಿಸಿ ಮರ್ವಿನ್ ರೇಡಿಯೋ ಹಚ್ಚಿದ. ರೇಡಿಯೋದಲ್ಲಿ ಯಾರೋ ಹೆಂಗಸು ಪೈ ಹಿಟ್ಟು ನಾದುವುದು ಹೇಗೆಂದು ವಿವರಿಸುತ್ತಿದ್ದಳು. ಆರಿಸಿದ.

ಸೇತುವೆಯ ಈಚೆ ಪೇಟೆ, ಆಚೆ ಮೂಲನಿವಾಸಿಗಳಿಗೆಂದು ಬಿಟ್ಟ ನೆಲ, ರಿಸರ್ವ್. ಆಚೆಯವರು ಈ ದ್ವೀಪದ ನೆಲದಷ್ಟೇ ಹಳಬರು. ಈಚೆಯವರು ಬಂದು ನೂರೈವತ್ತು ವರ್ಷವಾಗಿದ್ದರೂ ಇನ್ನೂ ಬಂದವರೇ. ಈ ‘ಬಂದವರು’ ಎಂಬ ಮಾತು ಮರ್ವಿನ್‌ನ ಮೈಗೆ ಹೊಸ ಅಂಗಿಯ ಕಾಲರಿನ ಹಾಗೆ ಚುಚ್ಚತೊಡಗಿದ್ದು ನಾಲ್ಕು ವರ್ಷದ ಹಿಂದೆ, ಎರಡೂ ಕಡೆಯವರು ಸೇರಿ ಆಚೆಯ ಹಿರಿಯಳಾದ ಡೆಲ್ಫೀನ್ ಆಂಟಿಯ ಮನೆಯ ಹಿಂದೆ ಜಂಟಿ ತೋಟ ಶುರುಮಾಡಿದಾಗ. ದನ, ನೇಗಿಲು, ಬೇಲಿಗಳು ಬಂದು ಅಳಿಸಿಹಾಕಿದ ಹಳೆಯ ಆಹಾರವನ್ನು ಮತ್ತೆ ಬೆಳೆಯುವುದು ಅದರ ಉದ್ದೇಶ. ಮುಖ್ಯವಾಗಿ ಕ್ಯಾಮಸ್ ಗೆಡ್ಡೆ, ನೀಲಿ ಹೂ ಬಿಡುವಂಥದು, ಒಂದು ಕಾಲಕ್ಕೆ ಈ ಕಣಿವೆಯನ್ನೆಲ್ಲ ಕೆರೆಯಂತೆ ಕಾಣಿಸುತ್ತಿದ್ದದ್ದು. ಮರ್ವಿನ್ ಮೊದಲ ದಿನ ಹೋದದ್ದು ಗುದ್ದಲಿಯೊಂದಿಗೆ ಮತ್ತು ಬರೆದುಕೊಂಡ ಎರಡು ಪುಟದ ಕ್ಷಮಾಪಣೆಯೊಂದಿಗೆ. ಆಂಟಿ ಗುದ್ದಲಿಯನ್ನು ನೋಡಿ “ಇದು ಚೆನ್ನಾಗಿದೆ” ಅಂದಿದ್ದಳು. ಪುಟಗಳನ್ನು ಕೇಳಿರಲಿಲ್ಲ. ಅಂದಿನಿಂದ ಅವನು ಒಂದು ವಾರವನ್ನೂ ತಪ್ಪಿಸಿರಲಿಲ್ಲ. ಇಡೀ ಊರಿನಲ್ಲಿ ಅವನು ಕಾಲಿಟ್ಟ ಕೂಡಲೇ ಯಾರಾದರೂ ಹೆಸರು ಹಿಡಿದು ಕರೆದು ಕೈಗೆ ಕೆಲಸ ಕೊಡುವ ಜಾಗ ಅದೊಂದೇ. ಆ ಗೇಟು ಇವತ್ತು ಸಂಜೆಯೊಳಗೆ ತನಗೆ ಮುಚ್ಚಿಬಿಡುತ್ತದೆ ಎಂದು ನೆನೆದು ಅವನು ಕಾರನ್ನು ಇನ್ನಷ್ಟು ನಿಧಾನ ಮಾಡಿದ.

ಆದದ್ದಿಷ್ಟು. ಬುಧವಾರ ಕ್ಯಾಥ್ಲೀನ್ ಒಂದು ಕಾರ್ಯಾಗಾರ ನಡೆಸಿದ್ದಳು. ಅವಳೂ ಪೇಟೆಯವಳು, ಬಂದವಳೇ, ಆದರೆ ಮರ್ವಿನ್‌ಗಿಂತ ಬಹಳ ಮುಂದೆ ಹೋಗಿದ್ದವಳು. ಅವಳ ಪಶ್ಚಾತ್ತಾಪಕ್ಕೆ ಬಣ್ಣಬಣ್ಣದ ಚೀಟಿಗಳಿದ್ದವು. ಒಬ್ಬೊಬ್ಬರೂ ಒಂದೊಂದು ಗಿಡದ ಮುಂದೆ ನಿಂತು ಕಣ್ಣು ಮುಚ್ಚಿ ‘ನಿನ್ನನ್ನು ಇಲ್ಲಿಗೆ ಯಾರು ತಂದರು?’ ಎಂದು ಮನಸ್ಸಿನಲ್ಲೇ ಕೇಳಬೇಕು ಅಂದಿದ್ದಳು. ಮರ್ವಿನ್‌ನ ಪಾಲಿಗೆ ಬಂದದ್ದು ಕ್ಯಾರೆಟ್. ಇಪ್ಪತ್ತು ನಿಮಿಷ ನಿಂತ. ಕ್ಯಾರೆಟ್ ಏನೂ ಹೇಳಲಿಲ್ಲ, ಆದರೆ ಅವನ ಮೊಣಕಾಲು ಹೇಳಿತು. ಮರುದಿನ, ಗುರುವಾರ, ಆಂಟಿ ಕಣ್ಣಿನ ಆಪರೇಷನ್ನಿಗೆಂದು ಹೋಗಿದ್ದಳು. ತೋಟದಲ್ಲಿ ಅವನೊಬ್ಬನೇ. ಬೇಲಿಯ ಮೂಲೆಯಲ್ಲಿ, ಕ್ಯಾಮಸ್ ಪಾತಿಯ ಪಕ್ಕದಲ್ಲೇ, ಕೆಸುವಿನೆಲೆಯನ್ನು ನಾಚಿಸುವಷ್ಟು ಅಗಲದ ಎಲೆ ಹರಡಿಕೊಂಡು, ಕೆಂಪು ದಂಟುಗಳನ್ನು ಅಂಗಡಿಯವನ ಹೊಟ್ಟೆಯಂತೆ ಮುಂದೆ ಮಾಡಿಕೊಂಡು, ಆ ರೂಬಾರ್ಬ್ ಕೂತಿತ್ತು. ನಾಲ್ಕು ವರ್ಷದಿಂದ ಕಣ್ಣೆದುರೇ ಇತ್ತು, ಅವನು ಗಮನಿಸಿರಲಿಲ್ಲ. ಅವನ ಸ್ವಂತ ಅಜ್ಜಿಯ ಹಿತ್ತಲಲ್ಲಿ ಇದ್ದದ್ದೇ: ದಂಟು ಹುಣಸೆಗಿಂತ ಹುಳಿ, ಸಕ್ಕರೆ ಹಾಕಿ ಹಿಟ್ಟಿನ ಹೊದಿಕೆಯೊಳಗೆ ಬೇಯಿಸಿ ಪೈ ಮಾಡುತ್ತಾರೆ, ಎಲೆ ಮಾತ್ರ ವಿಷ, ಮುಟ್ಟಿದರೆ ಕೈ ತೊಳೆಯೋ ಎಂದು ಅಜ್ಜಿ ಕೂಗುತ್ತಿದ್ದಳು. ನಿನ್ನನ್ನು ಯಾರು ತಂದರು? ಎಂದು ಮರ್ವಿನ್ ಕೇಳಿದ. ಈ ಸಲ ಉತ್ತರ ಅವನಿಗೆ ಗೊತ್ತಿತ್ತು. ನಾವೇ. ಹಡಗಿನಲ್ಲಿ. ಮೂರು ಗಂಟೆ ಅಗೆದ. ಬೇರು ಅವನ ತೋಳಿನಷ್ಟು ದಪ್ಪ, ಪ್ರತಿ ಕಡಿತಕ್ಕೂ ಹಳದಿ ಗಾಯ. ಜೀವಮಾನದಲ್ಲಿ ಮೊದಲ ಬಾರಿಗೆ ಅವನಿಗೆ ತಾನು ಇತಿಹಾಸದ ಸರಿಯಾದ ಬದಿಯಲ್ಲಿದ್ದೇನೆ, ಅದೂ ಬೆವರುತ್ತ, ಅನ್ನಿಸಿತು. ತುಂಡಾದ ಎರೆಹುಳುವೊಂದಕ್ಕೆ ನಿಂತು ಮೌನ ಆಚರಿಸಿದ. ಹೊರಗಿನ ಗಿಡಗಳನ್ನು ತೋಟದ ಗೊಬ್ಬರದ ಗುಂಡಿಗೆ ಹಾಕಕೂಡದು, ಮತ್ತೆ ಚಿಗುರುತ್ತವೆ ಎಂದು ಕ್ಯಾಥ್ಲೀನ್ ಹೇಳಿದ್ದು ನೆನಪಾಗಿ, ಶನಿವಾರದ ಅಡುಗೆಗೆಂದು ಕಾಫಿ ಅಂಗಡಿಯಿಂದ ತಂದು ಡಿಕ್ಕಿಯಲ್ಲಿಟ್ಟಿದ್ದ ಹತ್ತು ಗೋಣಿಚೀಲಗಳಲ್ಲಿ ಎರಡನ್ನು ತೆಗೆದು ತುಂಬಿದ. ಪೇಟೆಯ ಕಸದ ಅಂಗಳ ಸೋಮವಾರದವರೆಗೆ ತೆರೆಯುವುದಿಲ್ಲ. ಶುಕ್ರವಾರ ಸಂಜೆ ರಾಡ್ನಿ ಫೋನು ಮಾಡಿದ. ರಾಡ್ನಿ ಆಂಟಿಯ ತಂಗಿಯ ಮಗ, ತೋಟದ ಉಸ್ತುವಾರಿ ಅವನದೇ.

“ಮೇಷ್ಟ್ರೇ, ನಾಳೆ ಗುಂಡಿ ಅಡುಗೆ, ಹತ್ತು ಗೋಣಿಚೀಲ ಮರೀಬೇಡಿ. ಸ್ವಾಗತದ ಮಾತು ನಿಮ್ಮದೇ, ಅದನ್ನೂ ಮರೀಬೇಡಿ. ಆಮೇಲೆ ಹೊಟ್ಟೇಲಿ ಜಾಗ ಇಟ್ಕೊಂಡು ಬನ್ನಿ. ಆಂಟಿ ಕಣ್ಣು ಬಿಟ್ಟಿದ್ದೇ ತಡ, ರೂಬಾರ್ಬ್ ಕೀಳ್ತೀನಿ, ಪೈ ಮಾಡ್ತೀನಿ ಅಂತ ಕೂತಿದ್ದಾಳೆ. ಅವಳಮ್ಮ, ನಮ್ಮಜ್ಜಿ, ನೆಟ್ಟಿದ್ದ ಗಿಡ ಅಲ್ವಾ, ವರ್ಷದ ಮೊದಲ ಪೈ ಅಂದ್ರೆ ಅವಳಿಗೆ ಕ್ರಿಸ್‌ಮಸ್ ಥರ.”

ಫೋನಿಟ್ಟವನೇ ಬಾಗಿಲು ಹಾಕುವ ಮೊದಲೇ ನರ್ಸರಿಗೆ ಓಡಿದ್ದ ಅವನು ಈಗ ಮಂಡಿಯೂರಿ ಕೂತು, ಬೇಲಿಯ ಮೂಲೆಯ ಆ ದೊಡ್ಡ ಗಾಯದ ನಡುವೆ ನರ್ಸರಿಯ ಗಿಡವನ್ನು ನೆಡುತ್ತಿದ್ದ. ಕೊಡೆಯಷ್ಟಿದ್ದ ಜಾಗದಲ್ಲಿ ಟೀ ಲೋಟದಷ್ಟು. ಮಣ್ಣು ತಟ್ಟಿದ, ಹಿಂದೆ ಸರಿದು ನೋಡಿದ, ಒಂದು ಕಣ್ಣು ಮುಚ್ಚಿ ನೋಡಿದ. ಬಹಳ ಹತ್ತಿರ ಬಗ್ಗಿ ನೋಡಿದರೆ ದೊಡ್ಡದಾಗಿಯೇ ಕಾಣುತ್ತಿತ್ತು. ಕುಂಡದ ಮೇಲಿನ ಬೆಲೆಯ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡು, ಕುಂಡವನ್ನು ಕಾರಿನ ಸೀಟಿನಡಿಗೆ ತುರುಕಿದ. ಎಳೆದು ಉದ್ದ ಮಾಡುವಂತೆ ಎಲೆಯೊಂದನ್ನು ಮೆಲ್ಲಗೆ ಹಿಡಿದು ಜಗ್ಗಿದಾಗ, ಇಪ್ಪತ್ತೊಂಬತ್ತು ವರ್ಷ ಪಾಠ ಮಾಡಿದ ಮನುಷ್ಯ ಇದು ಎಂದು ಎಲ್ಲಿಂದಲೋ ತನ್ನನ್ನೇ ನೋಡಿದಂತಾಯಿತು.

ಇಪ್ಪತ್ತೊಂಬತ್ತು ವರ್ಷ ಪ್ರತಿ ಸೆಪ್ಟೆಂಬರಿನಲ್ಲೂ ಅವನು ಇದೇ ಕಣಿವೆಯ ನಕ್ಷೆಯನ್ನು ಹಲಗೆಗೆ ನೇತುಹಾಕಿ, ಕೋಲಿನಿಂದ ಮುಟ್ಟಿ, ಮೊದಲ ಹಡಗು ಬಂದಾಗ ಇಲ್ಲೆಲ್ಲ ಖಾಲಿ ಇತ್ತು ಎನ್ನುತ್ತಿದ್ದ. ಪುಸ್ತಕದಲ್ಲಿ ಹಾಗೇ ಇತ್ತು. ಒಂದು ವರ್ಷ ಹಿಂದಿನ ಬೆಂಚಿನಲ್ಲಿ ಹಲ್ಲಿಗೆ ತಂತಿ ಹಾಕಿಸಿಕೊಂಡ ಹುಡುಗನೊಬ್ಬ ಕೈಯೆತ್ತಿದ. ಖಾಲಿ ಇತ್ತು ಅಂದ್ರೆ ನಮ್ಮಜ್ಜಿ ಎಲ್ಲಿದ್ರು ಸಾರ್? ಪ್ರಶ್ನೆಗಳು ಕೊನೆಗೆ ಎಂದಿದ್ದ ಮರ್ವಿನ್. ಗಂಟೆ ಹೊಡೆಯಿತು, ಕೊನೆ ಬರಲೇ ಇಲ್ಲ. ಆ ಹುಡುಗನೇ ರಾಡ್ನಿ. ಈಗ ನಲವತ್ತು ದಾಟಿದ್ದಾನೆ, ತಂತಿ ಇಲ್ಲ, ಎಲ್ಲಕ್ಕೂ ಹಲ್ಲು ಬಿಟ್ಟು ನಗುತ್ತಾನೆ. ನಾಲ್ಕು ವರ್ಷದಲ್ಲಿ ಆ ಮಾತನ್ನು ಅವನು ಒಮ್ಮೆಯೂ ಎತ್ತಿರಲಿಲ್ಲ, ಮೇಷ್ಟ್ರೇ ಅನ್ನುವಾಗಿನ ಸಣ್ಣ ಎಳೆತವೊಂದನ್ನು ಬಿಟ್ಟರೆ. ಮರ್ವಿನ್ ಅದನ್ನು ಪ್ರತಿ ಸಲವೂ ಕೇಳಿಸಿಕೊಳ್ಳುತ್ತಿದ್ದ.

“ಮೇಷ್ಟ್ರೇ!”

ಮರ್ವಿನ್ ಎಲೆ ಬಿಟ್ಟು ಎದ್ದು ನಿಂತ. ರಾಡ್ನಿಯ ಟ್ರಕ್ಕು ಗೇಟಿನೊಳಗೆ ಬಂದಿತ್ತು. ಹಿಂದೆ ಕಲ್ಲು, ಸೌದೆ, ಸಾಲ್ಮನ್ ಮೀನಿನ ಡಬ್ಬಗಳು. ಮುಂದೆ, ಆಪರೇಷನ್ನಾದ ಮೇಲೆ ರಾಡ್ನಿಯ ಮನೆಯಲ್ಲೇ ಉಳಿದುಕೊಂಡಿದ್ದು, ಈಗ ಒಂದು ಕಣ್ಣಿಗೆ ಪ್ಲಾಸ್ಟಿಕ್ಕಿನ ತೂತುಗಳ ಮುಚ್ಚಳ ಅಂಟಿಸಿಕೊಂಡು, ತಲೆಗೆ ಹಸಿರು ಕರ್ಚೀಫು ಕಟ್ಟಿ, ಡೆಲ್ಫೀನ್ ಆಂಟಿ. ಎಪ್ಪತ್ತೆಂಟು ವರ್ಷ, ಊರುಗೋಲನ್ನು ಊರುವುದಕ್ಕಿಂತ ತೋರಿಸುವುದಕ್ಕೆ ಹೆಚ್ಚು ಬಳಸುವವಳು. ಆ ಮುಚ್ಚಳವನ್ನು ಕಂಡು ಮರ್ವಿನ್‌ಗೆ ಎಂಥದೋ ನೀಚವಾದ ಆಸೆ ಹುಟ್ಟಿತು. ಕಾಣದಿದ್ದರೆ? ಒಬ್ಬ ಮುದುಕಿಯ ಕಣ್ಣು ಇನ್ನಷ್ಟು ಕೆಟ್ಟಿರಲಿ ಎಂದು ತಾನು ಹಾರೈಸುತ್ತಿದ್ದೇನೆ ಎಂದು ಅರಿವಾದಾಗ ಅವನಿಗೆ ನಾಚಿಕೆಯಾಯಿತು, ಆದರೆ ಹಾರೈಕೆ ನಿಲ್ಲಲಿಲ್ಲ.

ಆಂಟಿ ಚಾಕು ಹಿಡಿದು ನೇರ ಮೂಲೆಗೆ ಹೋದಳು. ನಿಂತಳು. ಒಂದೇ ಕಣ್ಣಿನಲ್ಲಿ ನೋಡಿದಳು. ತಲೆ ವಾಲಿಸಿ ನೋಡಿದಳು. ಹಕ್ಕಿಯೊಂದು ಎರಡು ಸಲ ಕೂಗಿತು.

“ರಾಡ್ನಿ, ಆ ಡಾಕ್ಟ್ರು ಏನೋ ಎಡವಟ್ಟು ಮಾಡಿದ್ದಾನೆ ಕಣೋ. ಎಲ್ಲಾ ಚಿಕ್ಕದಾಗಿ ಕಾಣ್ತಿದೆ.”

“ಎಲ್ಲಾನೂ ಆಂಟಿ?”

“ಈ ರೂಬಾರ್ಬ್ ನೋಡು. ಬೆರಳಷ್ಟಾಗಿದೆ.” ಅವಳು ತಿರುಗಿ ಮರ್ವಿನ್‌ನನ್ನು ಮೇಲಿಂದ ಕೆಳಗೆ ಅಳೆದಳು. “ಮರ್ವಿನ್, ನೀನೂ ಒಂದು ಸುತ್ತು ಕಡಿಮೆಯಾಗಿದ್ದೀಯ. ಊಟಗೀಟ ಸರಿಯಾಗಿ ಮಾಡ್ತಿದ್ದೀಯ ತಾನೇ?”

“ಮಾಡ್ತಿದ್ದೀನಿ ಆಂಟಿ.” ಅವನ ದನಿಯೂ ಚಿಕ್ಕದಾಗಿಯೇ ಬಂತು.

“ಇವತ್ತು ಪೈ ಇಲ್ಲ ಹಾಗಾದ್ರೆ” ಅಂದಳು ಆಂಟಿ, ಚಾಕುವನ್ನು ಸೆರಗಿನಂಥ ಏಪ್ರನ್ನಿನ ಜೇಬಿಗೆ ಹಾಕಿಕೊಳ್ಳುತ್ತ. “ಈ ಕಣ್ಣಲ್ಲಿ ಮಾಡಿದ್ರೆ ಬಟನ್ ಗಾತ್ರದ್ದಾಗುತ್ತೆ.” ಮತ್ತು ಮನೆಯ ಕಡೆಗೆ ಹೊರಟಳು. ಈಗ ಹೇಳಬೇಕಿತ್ತು. ಅವಳ ಬೆನ್ನು ಅಡಿಗೆಮನೆಯ ಬಾಗಿಲು ದಾಟುವವರೆಗೆ ಹನ್ನೊಂದು ಹೆಜ್ಜೆಯಷ್ಟು ಸಮಯವಿತ್ತು. ಮರ್ವಿನ್ ಒಂದೊಂದನ್ನೂ ಎಣಿಸಿದ. ಆಂಟಿ, ನಾನು ಒಂದು ಮಾತು. ಆಂಟಿ, ಒಂದು ನಿಮಿಷ. ಬಾಯಿ ತೆರೆದ. “ಕಲ್ಲು ಇಳಿಸೋಕೆ ಸಹಾಯ ಮಾಡ್ಲಾ?” ಎಂದು ರಾಡ್ನಿಯನ್ನು ಕೇಳಿದ.

ಒಂಬತ್ತರ ಹೊತ್ತಿಗೆ ಗುಂಡಿಯ ತಳದಲ್ಲಿ ಕಲ್ಲುಗಳು ಬೆಂಕಿಯೊಳಗೆ ಕೆಂಪಾಗುತ್ತಿದ್ದವು, ಎರಡೂ ಕಡೆಯ ಅರವತ್ತು ಮಂದಿ ಸೇರಿದ್ದರು, ಮರ್ವಿನ್ ಹೊಗೆ ಯಾವ ಕಡೆಗಿತ್ತೋ ಆ ಕಡೆಗೇ ನಿಂತಿದ್ದ. ಹೊಗೆಯಲ್ಲಿ ಕಣ್ಣೀರು ಬಂದರೆ ಯಾರೂ ಕಾರಣ ಕೇಳುವುದಿಲ್ಲ. ಜೇಬಿನಲ್ಲಿ ಸ್ವಾಗತದ ಮಾತಿನ ಚೀಟಿಯೂ ನರ್ಸರಿಯ ಬೆಲೆಯ ಚೀಟಿಯೂ ಒಂದಕ್ಕೊಂದು ಅಂಟಿಕೊಂಡಿದ್ದವು; ಮಾತಿನ ಮೊದಲ ಸಾಲು ‘ಈ ನೆಲದ ಮೇಲೆ ನಾವು ಅತಿಥಿಗಳು’ ಎಂದಿತ್ತು. ಅತಿಥಿ ಬಂದವನು ಮನೆಯೊಡತಿ ಇಲ್ಲದಾಗ ಅವಳ ಹಿತ್ತಲನ್ನು ಅಗೆದಿದ್ದ. ಪ್ರಪಂಚದಲ್ಲಿ ಈ ತಪ್ಪನ್ನು ಮೊದಲು ಮಾಡಿದವರು ದುರಾಸೆಗೆ ಮಾಡಿದ್ದರು. ಅದನ್ನೇ ಪ್ರಾಯಶ್ಚಿತ್ತಕ್ಕಾಗಿ ಮಾಡಿದವನು ತಾನೊಬ್ಬನೇ ಇರಬೇಕು ಎಂದುಕೊಂಡ. ಹಾಗೆ ಅಂದುಕೊಂಡದ್ದರಲ್ಲಿ ಸ್ವಲ್ಪ ಹೆಮ್ಮೆಯೂ ಬೆರೆತಿದ್ದನ್ನು ಗುರುತಿಸಿ ಇನ್ನಷ್ಟು ಹೊಗೆಯತ್ತ ಸರಿದ.

“ಎಂಟೇ ಇದೆಯಲ್ಲ ಮೇಷ್ಟ್ರೇ,” ರಾಡ್ನಿ ಗೋಣಿಚೀಲಗಳನ್ನು ನೀರಿನ ತೊಟ್ಟಿಯಲ್ಲಿ ಅದ್ದುತ್ತ ಕೂಗಿದ. “ಹತ್ತು ಹೇಳಿದ್ನಲ್ಲ? ಎರಡು ಕಡಿಮೆ ಆದ್ರೆ ಹಬೆ ಎಲ್ಲಾ ಮೇಲೆ ಹೋಗುತ್ತೆ, ಆಲೂಗೆಡ್ಡೆ ಕಲ್ಲು ಥರ ಇರುತ್ತೆ. ನಮಗೆ ಅಭ್ಯಾಸ ಇದೆ, ನಿಮ್ಮೋರ ಹಲ್ಲು?”

“ಕಾಫಿ ಅಂಗಡಿಯವರು ಎಂಟೇ ಕೊಟ್ಟರು” ಎಂದ ಮರ್ವಿನ್. ಎಷ್ಟು ಸಲೀಸಾಗಿ ಬಂತು ಸುಳ್ಳು. ಕಾಫಿ ಅಂಗಡಿಯವರ ಮೇಲೆ, ಅವರು ಒಳ್ಳೆಯ ಜನ.

“ಇಲ್ಲ, ಡಿಕ್ಕಿಯಲ್ಲಿ ಇನ್ನೂ ಎರಡಿತ್ತು!” ಕ್ಯಾಥ್ಲೀನ್‌ಳ ದನಿ. ಅವಳು ಯಾವಾಗ ಅವನ ಕಾರಿನ ಹತ್ತಿರ ಹೋಗಿದ್ದಳೋ, ಡಿಕ್ಕಿ ಯಾವಾಗ ತೆರೆದಿತ್ತೋ! ಎಂಟು ಚೀಲ ಇಳಿಸುವಾಗ ತಾನೇ ಮುಚ್ಚಲು ಮರೆತದ್ದು. ಅವಳು ಎರಡು ಚೀಲಗಳನ್ನೂ ಮಗುವಿನಂತೆ ಅಪ್ಪಿಕೊಂಡು ಬರುತ್ತಿದ್ದಳು, ಮುಖ ಹೊಳೆಯುತ್ತಿತ್ತು. “ಮರ್ವಿನ್, ನೀವೆಷ್ಟು ಸಂಕೋಚದ ಮನುಷ್ಯ! ಎಲೆ ಕೂಡ ತಂದಿದ್ದೀರಿ, ಹೇಳಲೇ ಇಲ್ಲ!”

ಗುಂಡಿ ಅಡುಗೆಗೆ ಕೆಂಡ ಬಾಚಿ ತೆಗೆದು, ಬಿಸಿಕಲ್ಲಿನ ಮೇಲೆ ಜರೀಗಿಡ ಹಾಸಿ, ಅದರ ಮೇಲೆ ಜೌಗಿನಲ್ಲಿ ಬೆಳೆಯುವ ಅಗಲವಾದ ಎಲೆ ಹರಡುವುದು ಪದ್ಧತಿ. ಆಹಾರ ಆ ಎಲೆಯ ಮೇಲೆ, ಅದರ ಮೇಲೆ ಒದ್ದೆ ಗೋಣಿ, ಅದರ ಮೇಲೆ ಮಣ್ಣು. ಎರಡು ದಿನ ಡಿಕ್ಕಿಯಲ್ಲಿ ಬಾಡಿದ ರೂಬಾರ್ಬ್ ಎಲೆಗೂ ಜೌಗಿನ ಎಲೆಗೂ ಆಂಟಿ ವ್ಯತ್ಯಾಸ ಹೇಳಬಲ್ಲಳು, ರಾಡ್ನಿ ಹೇಳಬಲ್ಲ. ಆದರೆ ಆಂಟಿ ಅಡಿಗೆಮನೆಯಲ್ಲಿದ್ದಳು, ರಾಡ್ನಿ ತೊಟ್ಟಿಯೊಳಕ್ಕೆ ಮೊಣಕೈವರೆಗೆ ಮುಳುಗಿದ್ದ. ಕ್ಯಾಥ್ಲೀನ್ ಗುಂಡಿಯಂಚಿನಲ್ಲಿ ಕೂತು ದಂಟು ಮುರಿದು ಬದಿಗಿಟ್ಟು, ಒಂದೊಂದೇ ಎಲೆಯನ್ನು ಹಣೆಗೆ ಮುಟ್ಟಿಸಿಕೊಂಡು, “ನಿನಗೆ ಕೃತಜ್ಞತೆ” ಎಂದು ಹೇಳಿ ಆಗಲೇ ಹಾಸಿದ್ದ ಜರೀಗಿಡದ ಮೇಲೆ ಹರಡತೊಡಗಿದಳು. ಆರು ಎಲೆ. ಏಳು. ಆಲೂಗೆಡ್ಡೆಯ ಬುಟ್ಟಿ ಹಿಡಿದವರು ಹತ್ತಿರ ಬಂದರು. ಕೈ ತೊಳೆಯೋ ಎಂದು ಅಜ್ಜಿ ಮರ್ವಿನ್‌ನ ತಲೆಯೊಳಗಿಂದ ಕೂಗಿದಳು. ಸುಮ್ಮನಿದ್ದರೆ ಏನಾದೀತು? ಅರವತ್ತು ಮಂದಿ ವಾಂತಿ ಮಾಡಿಕೊಳ್ಳುತ್ತಾರೆ, ಮೀನಿನ ಮೇಲೆ ಅನುಮಾನ ಬರುತ್ತದೆ, ತನ್ನ ಮೇಲೆ ಬರುವುದಿಲ್ಲ. ಈ ಲೆಕ್ಕಾಚಾರ ಅವನ ಮನಸ್ಸಿನಲ್ಲಿ ಪೂರ್ತಿಯಾಗಿ, ಅಚ್ಚುಕಟ್ಟಾಗಿ ನಡೆಯಿತು, ಮತ್ತು ಅದನ್ನು ಕಂಡೇ ಅವನಿಗೆ ಹೆಚ್ಚು ಭಯವಾದದ್ದು.

“ಬೇಡ! ವಿಷ!” ಎಂದು ಕಿರಿಚಿ ಮರ್ವಿನ್ ಗುಂಡಿಗೆ ಹಾರಿದ.

ಕೈ ಚಾಚಿದ್ದರೆ ಸಾಕಿತ್ತು. ಗುಂಡಿ ಸೊಂಟದಷ್ಟೇ ಆಳ. ಆದರೆ ಹಾರಿಬಿಟ್ಟಿದ್ದ. ಕುಣಿಯುತ್ತ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ, ಹಬೆಯ ನಡುವೆ, ಎಲೆಗಳನ್ನು ಬಾಚಿ ಬಾಚಿ ಹೊರಗೆಸೆದ. ಜರೀಗಿಡದ ಕೆಳಗಿನ ಕಲ್ಲಿನ ಕಾವಿಗೆ ಬೂಟಿನ ಅಟ್ಟೆ ಕರಗಿ ರಬ್ಬರಿನ ವಾಸನೆ ಹರಡಿತು. ಪುಟ್ಟ ಮಕ್ಕಳು ಚಪ್ಪಾಳೆ ತಟ್ಟಿದರು. ರಾಡ್ನಿ ಬಂದು ಕಾಲರು ಹಿಡಿದು ಎಳೆದು ಹಾಕಿದಾಗ ಮರ್ವಿನ್‌ನ ಎರಡೂ ಕೈಯಲ್ಲಿ ಎಲೆ, ತಲೆಯ ಮೇಲೊಂದು ಎಲೆ, ಮತ್ತು ಎದುರಿಗೆ, ಗಲಾಟೆ ಕೇಳಿ ಹೊರಬಂದಿದ್ದ ಡೆಲ್ಫೀನ್ ಆಂಟಿಯ ಒಂದು ಕಣ್ಣು.

“ರೂಬಾರ್ಬ್” ಎಂದ ಮರ್ವಿನ್. “ನಿಮ್ಮದು. ನಾನೇ ಕಿತ್ತೆ ಆಂಟಿ. ಗುರುವಾರ. ಹೊರಗಿನ ಗಿಡ, ನಮ್ಮವರು ತಂದದ್ದು ಅಂತ... ನೆಲಕ್ಕೆ ಬಿಡುಗಡೆ ಆಗಲಿ ಅಂತ.” ಆ ಕೊನೆಯ ಮಾತನ್ನು ಬಾಯಿಬಿಟ್ಟು ಹೇಳಿದಾಗ ಅದು ಎಷ್ಟು ಪೆದ್ದಾಗಿ ಕೇಳಿಸಿತೆಂದರೆ ಅವನೇ ಅತ್ತಿತ್ತ ನೋಡಿದ, ಯಾರು ಹೇಳಿದ್ದೆಂಬಂತೆ.

ಆಂಟಿ ಊರುಗೋಲಿನ ತುದಿಯಿಂದ ಎರಡನೆಯ ಚೀಲದ ಬಾಯಿ ಅಗಲಿಸಿ ಬೇರುಗಡ್ಡೆಗಳನ್ನು ನೋಡಿದಳು. ನಿಧಾನವಾಗಿ ಬಗ್ಗಿ ಒಂದನ್ನು ಎತ್ತಿಕೊಂಡು, ಮಣ್ಣು ಒರೆಸಿ, ತಿರುವಿ ಮುರುವಿ ನೋಡಿ ಮೂಸಿದಳು. ಎಲೆ ಮುಟ್ಟಿಸಿಕೊಂಡ ಹಣೆಯನ್ನು ಕ್ಯಾಥ್ಲೀನ್ ಸದ್ದಿಲ್ಲದೆ ಒರೆಸಿಕೊಳ್ಳುತ್ತಿದ್ದಳು.

“ಇದನ್ನ ನಮ್ಮಮ್ಮ ಕದ್ದಿದ್ದು” ಅಂದಳು ಆಂಟಿ. ದನಿಯಲ್ಲಿ ಏರಿಳಿತವಿರಲಿಲ್ಲ. “ಪಾದ್ರಿಗಳ ಬೋರ್ಡಿಂಗ್ ಶಾಲೆಯಿಂದ. ನಮ್ಮೋರ ಎಲ್ಲಾ ಮಕ್ಕಳ ಥರ ಅವಳನ್ನೂ ಆರು ವರ್ಷಕ್ಕೇ ಮನೆಯಿಂದ ಹಿಡ್ಕೊಂಡು ಹೋಗಿ ಹಾಕಿದ್ರು. ಒಂಬತ್ತು ವರ್ಷ ಅಲ್ಲಿ ರೂಬಾರ್ಬ್ ಪಾತಿ ಕಳೆ ತೆಗೆಯೋದು ಅವಳ ಕೆಲಸ. ಪೈ ಪಾದ್ರಿಗಳ ಮೇಜಿಗೆ ಹೋಗೋದು. ಒಂದು ದಿನಾನೂ ಒಂದು ತುತ್ತು ಬಾಯಿಗೆ ಬೀಳ್ಲಿಲ್ಲ. ಬಿಡುಗಡೆ ಆದ ದಿನ, ಬೆಳಿಗ್ಗೆ ಎದ್ದು, ಒಂದು ಗಡ್ಡೆ ಅಗೆದು, ಲಂಗದೊಳಗೆ ಕಟ್ಕೊಂಡು, ಗೇಟಿನ ಹತ್ರ ಎಲ್ಲಾ ಪಾದ್ರಿಗಳಿಗೂ ಕೈ ಮುಗಿದು ಬಂದ್ಲಂತೆ. ಮೂವತ್ತು ಮೈಲಿ. ನಡ್ಕೊಂಡು.” ಗಡ್ಡೆಯನ್ನು ಚೀಲಕ್ಕೆ ಹಾಕಿದಳು. “ನಿಮ್ಮೋರಿಂದ ನಾವು ವಾಪಸ್ ತಗೊಂಡಿದ್ದು ಅಂತ ಇರೋದು ಇದೊಂದೇ ಮರ್ವಿನ್.”

 ಮರ್ವಿನ್ ತಲೆಯ ಮೇಲಿನ ಎಲೆಯನ್ನು ತೆಗೆಯಬೇಕೆಂದುಕೊಂಡ, ಆದರೆ ಅದನ್ನು ತೆಗೆಯುವ ಹಕ್ಕೂ ತನಗಿಲ್ಲ ಅನ್ನಿಸಿ ಹಾಗೇ ನಿಂತ. ಗೇಟು ಎಡಗಡೆಗೆ ಇಪ್ಪತ್ತು ಹೆಜ್ಜೆ. ಕರಗಿದ ಬೂಟಿನಲ್ಲಿ ಹೋದರೆ ಪಚಪಚ ಸದ್ದಾಗುತ್ತದೆ. ಹೋಗು ಎಂದು ಅವರೇ ಹೇಳಲಿ, ಅಲ್ಲಿಯವರೆಗೆ ನಿಂತಿರುತ್ತೇನೆ.

“ರಾಡ್ನಿ, ಜೌಗಿನ ಎಲೆ ತಂದು ಹಾಸು. ಆ ಎರಡು ಚೀಲಾನ ಚೆನ್ನಾಗಿ ತೊಳಿ” ಅಂದಳು ಆಂಟಿ. “ಕ್ಯಾಥ್ಲೀನ್, ಆ ದಂಟೆಲ್ಲ ಆರಿಸ್ಕೊಂಡು ಒಳಗೆ ಬಾ. ಎಲೆಯ ಚೂರು ಇರಬಾರದು. ಬಾಡಿದೆ, ಆದ್ರೆ ಹುಳಿ ಸತ್ತಿಲ್ಲ. ಕೃತಜ್ಞತೆ ಆಮೇಲೆ ಹೇಳು, ಮೊದಲು ತೊಳಿ.” ಬಾಗಿಲ ಹತ್ತಿರ ನಿಂತು ತಿರುಗಿದಳು. “ಆ ಪುಟ್ಟ ಗಿಡದ ಕೊರಳಲ್ಲಿ ಹೆಸರಿನ ಬಿಲ್ಲೆ ಇತ್ತು ಮರ್ವಿನ್, ನೋಡಿಲ್ವಾ ನೀನು? ತಳಿ ವಿಕ್ಟೋರಿಯಾ ಅಂತ. ನಮ್ಮಮ್ಮನ್ನ ಕಿತ್ತು ಆ ಜಾಗಕ್ಕೆ ರಾಣೀನ ತಂದು ಕೂರಿಸಿದ್ದೀಯ. ನಾನು ಬೆಳಿಗ್ಗೆಯಿಂದ ಅವರಿಗೆ ಕುರ್ಚಿ ಹಾಕ್ಬೇಕೋ ಬೇಡ್ವೋ ಅಂತ ಯೋಚಿಸ್ತಿದ್ದೀನಿ.”

ರಾಡ್ನಿ ಮೊದಲು ನಕ್ಕ. ಆಮೇಲೆ ಆಲೂಗೆಡ್ಡೆಯ ಬುಟ್ಟಿ ಹಿಡಿದವರು. ನಗು ಗುಂಡಿಯನ್ನು ಸುತ್ತುವರಿದು, ಅಡಿಗೆಮನೆಯ ಕಿಟಕಿಯಿಂದ ಒಳಹೋಗಿ, ಅಲ್ಲಿನ ಹೆಂಗಸರನ್ನು ಹಿಡಿದುಕೊಂಡು ಮತ್ತೆ ಹೊರಬಂತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೈಗುಳಕ್ಕೆ ಅವನು ನಾಲ್ಕು ವರ್ಷದಿಂದ ಸಿದ್ಧನಾಗಿದ್ದ, ಅದಕ್ಕೆ ಬೇಕಾದ ಮುಖ ಅವನ ಬಳಿ ಇತ್ತು. ನಗುವಿಗೆ ಯಾವ ಮುಖ ಹಾಕಿಕೊಳ್ಳಬೇಕೋ ತಿಳಿಯದೆ ಮರ್ವಿನ್ ಎರಡು ಮೂರು ಹಾಕಿ ನೋಡಿದ.

ಸಂಜೆ ಐದಕ್ಕೆ ಗುಂಡಿ ತೆರೆದರು. ಮೀನು ಎಸಳೆಸಳಾಗಿ ಬಿಟ್ಟುಕೊಂಡಿತ್ತು, ಆಲೂಗೆಡ್ಡೆ ಹೂವಿನಂತೆ. ಕ್ಯಾಮಸ್ ಗೆಡ್ಡೆ ಮಾತ್ರ ಬೆಳ್ಳಗೇ ಇತ್ತು. ಅದು ಕಪ್ಪಾಗಿ ಬೆಲ್ಲದ ಹಾಗಾಗಬೇಕಾದರೆ ಒಂದು ಹಗಲು ಒಂದು ರಾತ್ರಿ ಬೇಕು, ಅರೆಬೆಂದರೆ ಹೊಟ್ಟೆಯಲ್ಲಿ ವಾದ್ಯಗೋಷ್ಠಿ. “ಸ್ವಲ್ಪ ರುಚಿ ನೋಡಿ, ಸ್ವಲ್ಪ ಮಾತ್ರ” ಎಂದು ರಾಡ್ನಿ ಸಾರಿದ. ಮರ್ವಿನ್ ಎರಡು ತಟ್ಟೆ ತಿಂದ. ಯಾರಾದರೂ ತನಗೆ ಶಿಕ್ಷೆ ಕೊಡಲೇಬೇಕಿತ್ತು.

ಎಲ್ಲರಿಗೂ ರೂಬಾರ್ಬ್ ಪೈ ಒಂದೊಂದು ತುಂಡು ಸಿಕ್ಕಮೇಲೆ ಆಂಟಿ ಎದ್ದು ನಿಂತಳು. ಮಕ್ಕಳೂ ಸುಮ್ಮನಾದರು. ಅವಳು ನಾಲ್ಕು ಜನರ ಹೆಸರು ಕರೆದಳು, ಇಬ್ಬರು ಆಚೆಯವರು, ಇಬ್ಬರು ಈಚೆಯವರು; ಆ ನಾಲ್ವರಲ್ಲಿ ಕ್ಯಾಥ್ಲೀನ್‌ಳನ್ನೂ, ಕೊನೆಗೆ ರಾಡ್ನಿಯನ್ನೂ. ರಾಡ್ನಿಯ ಅಣ್ಣನ ಮಗಳು ಒಬ್ಬೊಬ್ಬರ ಅಂಗೈಗೂ ಎರಡೆರಡು ನಾಣ್ಯ ಇಟ್ಟಳು. ಮರ್ವಿನ್‌ಗೆ ಗೊತ್ತಿತ್ತು: ಇದು ಆಚೆಯವರ ಪದ್ಧತಿ, ಸಾಕ್ಷಿಗೆ ಕರೆಯುವುದು. ಹೆಸರಿಡುವಾಗ, ಮದುವೆಯಲ್ಲಿ, ಹಿರಿಯರು ತೀರಿಕೊಂಡಾಗ ಕರೆಯುತ್ತಾರೆ. ನಾಣ್ಯ ಹಿಡಿದವನು ಕಂಡದ್ದನ್ನು, ಕೇಳಿದ್ದನ್ನು ಸಾಯುವವರೆಗೆ ನೆನಪಿಟ್ಟು, ಯಾರು ಕೇಳಿದರೂ ಹೇಳಬೇಕು. ಬರೆದಿಡುವುದಿಲ್ಲ, ಅಳಿಸುವುದೂ ಆಗುವುದಿಲ್ಲ.

“ಇವತ್ತು ಮರ್ವಿನ್ ಸ್ವಾಗತದ ಮಾತಾಡ್ಬೇಕಿತ್ತು” ಅಂದಳು ಆಂಟಿ. “ಬೆಳಿಗ್ಗೇನೇ ಗುಂಡಿಯಲ್ಲಿ ಕುಣಿದು ತೋರ್ಸಿದ್ದಾನೆ, ಅದಕ್ಕಿಂತ ಚೆನ್ನಾಗಿ ಯಾರೂ ಮಾತಾಡಿಲ್ಲ. ನೀವು ನಾಲ್ಕು ಜನ ಎರಡು ವಿಷಯಕ್ಕೆ ಸಾಕ್ಷಿ. ಒಂದು, ನಮ್ಮಮ್ಮ ಲಂಗದಲ್ಲಿ ಏನು ಕಟ್ಕೊಂಡು ಬಂದ್ಲು ಅನ್ನೋದು. ಅವಳು ಬದುಕಿರೋವರೆಗೂ ಇದನ್ನ ಹೊರಗೆ ಹೇಳಕೂಡದು ಅಂದಿದ್ಲು, ಪಾದ್ರಿ ಬಂದು ವಾಪಸ್ ಕೇಳ್ತಾನೆ ಅಂತ ಹೆದರಿಕೆ. ಇವತ್ತು ಹೇಳ್ದೆ. ಎರಡು, ಈ ಬಿಳಿ ಮನುಷ್ಯ ನಮಗೆ ಒಳ್ಳೇದು ಮಾಡೋಕೆ ಹೋಗಿ ಏನು ಕಿತ್ತ ಅನ್ನೋದು. ಒಂದನ್ನ ಹೇಳುವಾಗ ಇನ್ನೊಂದನ್ನ ಬಿಡಕೂಡದು. ಎರಡನ್ನೂ ಸೇರಿಸೇ ಹೇಳ್ಬೇಕು.”

ಆ ಗಂಭೀರ ಮೌನದಲ್ಲಿ ಮರ್ವಿನ್‌ನ ಹೊಟ್ಟೆ ಮಾತಾಡಿತು. ದೂರದ ಗುಡುಗಿನಂತೆ ಶುರುವಾಗಿ, ಒಂದು ಪ್ರಶ್ನೆಯಂತೆ ಮೇಲೇರಿ ನಿಂತಿತು. ಯಾರೋ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು.

“ಸಾಕ್ಷಿಗೆ ಒಂದು ಪ್ರಶ್ನೆ ಇದೆ” ಎಂದು ರಾಡ್ನಿ ನಾಣ್ಯಗಳನ್ನು ಅಂಗೈಯಲ್ಲಿ ಕುಲುಕಿದ. “ಪ್ರಶ್ನೆಗಳು ಕೊನೆಗೆ ಅಂದಿದ್ರಿ. ಈಗ ಕೊನೆ ಅಲ್ವಾ ಮೇಷ್ಟ್ರೇ? ಖಾಲಿ ಇತ್ತಾ?”

ಹಲ್ಲುತಂತಿಯ ಹುಡುಗ ಹಿಂದಿನ ಬೆಂಚಿನಲ್ಲಿ ಇನ್ನೂ ಕೈಯೆತ್ತಿಕೊಂಡೇ ಕೂತಿದ್ದ. ತೋಳು ಎಷ್ಟು ನೋಯುತ್ತಿರಬೇಕು.

“ಇರಲಿಲ್ಲ” ಎಂದ ಮರ್ವಿನ್. “ತುಂಬಿತ್ತು.” ಹೊಟ್ಟೆ ಇನ್ನೊಮ್ಮೆ ಗುಡುಗಿ ಅದನ್ನು ಅನುಮೋದಿಸಿತು. ಈ ಬಾರಿ ಯಾರಿಗೂ ತಡೆಯಲಾಗಲಿಲ್ಲ, ರಾಡ್ನಿಗೂ. ನಗುತ್ತಲೇ ಅವನು ಮುಖವನ್ನು ಆ ಕಡೆಗೆ ತಿರುಗಿಸಿಕೊಂಡ, ಕರ್ಚೀಫು ಹುಡುಕಿದ.

ಬೆಳಕು ಇನ್ನೂ ಇತ್ತು. ಜನ ಕರಗುತ್ತಿದ್ದಾಗ ಆಂಟಿ ಊರುಗೋಲಿನಿಂದ ಅವನನ್ನು ಮೂಲೆಗೆ ಕರೆದಳು. ಹಳೆಯ ಗಾಯದ ಜಾಗದಲ್ಲಿ ಒಂದು ಬೇರುಗಡ್ಡೆಯನ್ನು ಅವನ ಕೈಯಲ್ಲೇ ನೆಡಿಸಿದಳು. ಪುಟ್ಟ ವಿಕ್ಟೋರಿಯಾಳನ್ನು ಕೀಳಲು ಅವನು ಬಗ್ಗಿದಾಗ ಊರುಗೋಲು ಅವನ ಮಣಿಕಟ್ಟಿನ ಮೇಲೆ ಬಿತ್ತು.

“ಮತ್ತೆ ಶುರು ಮಾಡ್ಬೇಡ. ಇರ್ಲಿ ಬಿಡು. ನೆರಳಲ್ಲಿ ಕೂತು ಕಲೀಲಿ.”

“ಆಂಟಿ, ಒಂಬತ್ತು ತುಂಡು ಮಾಡಿಬಿಟ್ಟಿದ್ದೀನಿ. ಉಳಿದದ್ದು...”

“ರೂಬಾರ್ಬ್ ಹಾಗೇ ಬೆಳೆಸೋದು ಕಣೋ, ತುಂಡು ಮಾಡೇ. ಹತ್ತು ವರ್ಷದಿಂದ ಅಂದ್ಕೊಳ್ತಿದ್ದೆ, ಬೆನ್ನು ಕೇಳ್ತಿರ್ಲಿಲ್ಲ. ನೀನು ಬೇರೆ ಎಲ್ಲಾನೂ ತಪ್ಪು ಮಾಡಿದ್ದೀಯ, ಅದೊಂದು ಸರಿಯಾಗಿ ಮಾಡಿದ್ದೀಯ. ಏಳು ಮನೆಗೆ ಏಳು ಕೊಟ್ಟಾಯ್ತು.” ಬೇಲಿಯ ಕಂಬದ ಬುಡದಲ್ಲಿ ಒದ್ದೆ ಗೋಣಿಯ ಮೇಲೆ ಕೊನೆಯ ತುಂಡು ಇತ್ತು. “ಇನ್ನೊಂದಿದೆ.”

ಮರ್ವಿನ್‌ಗೆ ಅರ್ಥವಾಗಲು ಹೊತ್ತು ಹಿಡಿಯಿತು.  “ಆಂಟಿ, ನೀವು ಕೊಡ್ತೀರಿ ಅಂದರೆ ನಾನು...”

“ಕೊಡಲ್ಲ” ಅಂದಳು ಆಂಟಿ. “ಇದು ಕೊಟ್ರೆ ಬರೋ ಗಿಡ ಅಲ್ಲ ನಿನಗೆ. ನಮ್ಮಮ್ಮನಿಗೆ ಯಾರು ಕೊಟ್ರು? ಕದ್ಕೋ. ನಾನು ಆ ಕಡೆ ತಿರುಗ್ತೀನಿ.” ಮತ್ತು ನಿಜವಾಗಿಯೂ ತಿರುಗಿದಳು. ಒಳ್ಳೆಯ ಕಣ್ಣಿನ ಮೇಲೆ ಅಂಗೈ ಇಟ್ಟುಕೊಂಡು, ಹಸಿರು ಕರ್ಚೀಫಿನ ಹಿಂಭಾಗವನ್ನು ಅವನಿಗೆ ತೋರಿಸುತ್ತ, ಕ್ಯಾಮಸ್ ಪಾತಿಯ ಕಡೆಗೆ ಮುಖ ಮಾಡಿ ನಿಂತಳು.

ಮರ್ವಿನ್ ಗೋಣಿಯ ಹತ್ತಿರ ಹೋದ. ಸುತ್ತ ನೋಡಿದ. ಯಾರೂ ಇರಲಿಲ್ಲ, ಟ್ರಕ್ಕಿನ ಹತ್ತಿರ ರಾಡ್ನಿ ಕಲ್ಲೆಣಿಸುವವನಂತೆ ಬೇಕೆಂದೇ ಬೆನ್ನು ಹಾಕಿದ್ದ. ಬಗ್ಗಿದ. ಬೇರುಗಡ್ಡೆಯ ಮೇಲೆ, ಗುದ್ದಲಿಯ ಹಳದಿ ಗಾಯದ ಪಕ್ಕದಲ್ಲೇ, ಮಗುವಿನ ಮುಷ್ಟಿಯಂಥ ಕೆಂಪು ಮೊಗ್ಗೊಂದು ಉಬ್ಬಿತ್ತು. ಕೈ ಚಾಚಿದ, ಹಿಂದೆಗೆದ. ಕೈ ಒರೆಸಿಕೊಂಡು ಮತ್ತೆ ಚಾಚಿದ. ಕೇಳದೆ ತೆಗೆದುಕೊಳ್ಳಬಾರದು, ನಾಲ್ಕು ವರ್ಷದಲ್ಲಿ ಅವನು ಕಲಿತ ಮೊದಲ ಪಾಠ ಅದೇ, ಮತ್ತು ಬೆರಳುಗಳು ಅದನ್ನು ಅವನಿಗಿಂತ ಚೆನ್ನಾಗಿ ಕಲಿತುಬಿಟ್ಟಿದ್ದವು.

“ಆಯ್ತಾ?” ಎಂದಳು ಆಂಟಿ.

“ಇನ್ನೂ ಇಲ್ಲ ಆಂಟಿ.”

ಪಾತಿಯಲ್ಲಿ ನೀಲಿ ಹೂಗಳು ಗಾಳಿಗೆ ಒಂದೇ ಕಡೆಗೆ ವಾಲಿ ಎದ್ದವು.

“ಈಗ?”

“ಒಂದು ನಿಮಿಷ.”

“ಏನೋ ಮರ್ವಿನ್ ಇದು,” ಆಂಟಿ ತಿರುಗದೆಯೇ ನಿಟ್ಟುಸಿರುಬಿಟ್ಟಳು, “ನಿಮ್ಮ ಅಜ್ಜಂದಿರು ಇಡೀ ಕಣಿವೆಗೇ ಇಷ್ಟು ಹೊತ್ತು ತಗೊಳ್ಲಿಲ್ಲವಲ್ಲೋ.”